ಬೂದಪ್ಪನಿಗೆ ಬಣ್ಣ ಬಂದದ್ದು

"ಗುರುಗಳೇ, ಹತ್ತು ಜನ ಕೂಡಿ ಬಾಳುವ ಕಡೆ ಜಗಳಗಂಟನನ್ನು ಗುರುತಿಸುವುದು ಹೇಗೆ? ಗುರುತು ಹಿಡಿದ ಮೇಲೆ ಅವನನ್ನು ಏನು ಮಾಡಬೇಕು?"

ಮರುಳಯ್ಯ ಹೀಗೆ ಕೇಳಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಸಂಗೀತಶಾಲೆಯ ಪಡಸಾಲೆಯಲ್ಲಿ ಗುರುಗಳು ಒಬ್ಬರೇ ಕೂತು ತಂಬೂರಿ ಮೀಟುತ್ತಿದ್ದರು. ಪ್ರಶ್ನೆ ಕೇಳಿಯೂ ಅವರು ಬೆರಳು ನಿಲ್ಲಿಸಲಿಲ್ಲ. ನಾಲ್ಕು ತಂತಿಗಳ ನಾದ ಜೋಂಪು ಬರಿಸುವ ಹಾಗೆ ಪಡಸಾಲೆಯನ್ನು ತುಂಬಿಕೊಂಡಿತ್ತು.

ಮರುಳಯ್ಯ ಆ ಶಾಲೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಬಂದ ಹೊಸದರಲ್ಲಿ ಬಾಗಿಲ ಬಳಿ ಮುದುಡಿ ಕೂರುತ್ತಿದ್ದ. ಅವನ ದನಿ ಅವನ ಪಕ್ಕದವನಿಗೇ ಕೇಳುತ್ತಿರಲಿಲ್ಲ. ಈಗ ಒಂಬತ್ತು ವರ್ಷದಿಂದ ಗುರುಗಳ ಬಲಗಡೆಯ ತಂಬೂರಿ ಅವನದು. ಆ ಜಾಗದಲ್ಲಿ ಕೂತವನಿಗೆ ಕಛೇರಿಯಲ್ಲಿ ಗುರುಗಳ ಜೊತೆ ದನಿಗೂಡಿಸಿ ಹಾಡುವ ಹಕ್ಕು. ಉಳಿದವರು ಹಿಂದೆ ಕೂತು ಕೇಳಬೇಕು, ಅಷ್ಟೇ.

ಎರಡು ವರ್ಷದಲ್ಲಿ ಇಬ್ಬರು ಶಿಷ್ಯರನ್ನು ಜಗಳದ ಕಾರಣಕ್ಕೆ ಊರಿಗೆ ಕಳಿಸಿಯಾಗಿತ್ತು. ಈಗ ಮೂರನೆಯವನ ಸರದಿ. ಬಸವಂತನೆಂದು ಹೆಸರು. ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥವನು. ಆದರೆ ಮೊನ್ನೆ ಕಛೇರಿಯ ದಿನ ಬೆಳಿಗ್ಗೆ ಬಲಗಡೆಯ ತಂಬೂರಿಯ ತಂತಿ ಕೆಳಗಿನ ಜೀವಾಳದ ನೂಲುಗಳನ್ನೆಲ್ಲ ಕಿತ್ತು ಬಿಸಾಡಿದ್ದ. ನೂಲಿಲ್ಲದ ತಂಬೂರಿ ಸಭೆಯ ಮುಂದೆ ತಗಡಿನ ಡಬ್ಬದ ಹಾಗೆ ನುಡಿದಿತ್ತು. ಮರುಳಯ್ಯನ ಮುಖ ಅಂದು ಕೆಂಪಾದದ್ದು ಇನ್ನೂ ಇಳಿದಿರಲಿಲ್ಲ. ಬಸವಂತನ ತಂದೆಗೆ ಕಾಗದ ಬರೆದು ತಂದಿದ್ದ. ನಾಳೆ ಬೆಳಗಿನ ಬಸ್ಸಿಗೆ ಅವನನ್ನು ಹತ್ತಿಸುವುದೆಂದು ಅದರಲ್ಲಿತ್ತು. ಗುರುಗಳ ಸಹಿ ಒಂದೇ ಬಾಕಿ.

"ಕಾಗದ ನಿನ್ನ ಕೈಯಲ್ಲೇ ಇರಲಿ," ಎಂದರು ಗುರುಗಳು. "ಹಾರಿಹೋಗುವುದಿಲ್ಲ. ಮೊದಲು ಮೀನಿನ ಕತೆ ಕೇಳು."

*

ಒಂದು ಊರಿನಲ್ಲಿ ಒಬ್ಬ ಡ್ರಿಲ್ ಮೇಷ್ಟ್ರು ಇದ್ದರು. ಮೂವತ್ತೈದು ವರ್ಷ ಶಾಲೆಯಲ್ಲಿ ಸೀಟಿ ಊದಿದವರು. ಕಬಡ್ಡಿ ಪಂದ್ಯಕ್ಕೆ ಅವರು ತೀರ್ಪುಗಾರರಾಗಿ ನಿಂತರೆ ಅಂಕಣದಲ್ಲಿ ಒಬ್ಬನೂ ಕೆಮ್ಮುತ್ತಿರಲಿಲ್ಲ. ತಪ್ಪು ಮಾಡಿದವನು ಹೊರಗೆ. ಎರಡನೆಯ ಮಾತಿಲ್ಲ. ನಿವೃತ್ತರಾಗಿ ಆರು ವರ್ಷವಾದರೂ ಸೀಟಿ ಕೊರಳಿನಿಂದ ಇಳಿದಿರಲಿಲ್ಲ. ಸ್ನಾನದ ಹೊತ್ತಿಗೆ ಮಾತ್ರ ಗೂಟಕ್ಕೆ ಸಿಕ್ಕಿಸುತ್ತಿದ್ದರು ಅನ್ನು. ನಗಬೇಡಪ್ಪಾ, ನಮ್ಮ ನಮ್ಮ ಕೊರಳಲ್ಲಿ ಏನೇನು ನೇತಾಡುತ್ತಿದೆಯೋ ಯಾರಿಗೆ ಗೊತ್ತು.

ಆ ಮೇಷ್ಟ್ರ ಹೆಂಡತಿ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೂಳೆ ಕೂಡಿತು, ಎದ್ದು ನಡೆಯಿರಿ ಎಂದರು ಡಾಕ್ಟರು. ಆಕೆ ಏಳಲಿಲ್ಲ. ಕಾಲು ನೆಲಕ್ಕೆ ತಾಗಿದರೆ ಸಾಕು, ಎದೆ ಧಸಕ್ ಅನ್ನುತ್ತಿತ್ತು. ಮತ್ತೆ ಬಿದ್ದುಬಿಟ್ಟರೆ? ಮೇಷ್ಟ್ರು ಗದರಿಸಿದರು, ರಮಿಸಿದರು, ಒಂದು ಸಲ ಸೀಟಿಯನ್ನೂ ಊದಿದರು. ಊಹೂಂ. ಮೂಳೆ ಕೂಡಿದ ಹೆಂಗಸು ನಡುಮನೆಯ ಮಂಚದ ಮೇಲೆ ಗೋಡೆ ನೋಡುತ್ತ ಮಲಗಿಬಿಟ್ಟರು. ಗದರಿಸಿದಷ್ಟೂ ಮೇಷ್ಟ್ರಿಗೆ ಒಳಗೊಳಗೇ ದಿಗಿಲು. ಹೀಗೇ ಮಲಗಿದರೆ ಇವಳು ಮತ್ತೆ ಏಳುವುದೇ ಇಲ್ಲವೇನೋ ಎಂದು ಅಡುಗೆಮನೆಯಲ್ಲಿ ಒಬ್ಬರೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರ ಹಳೆಯ ಶಿಷ್ಯನೊಬ್ಬ ಪೇಟೆಯಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ. ಅಮ್ಮನವರಿಗೆ ನೋಡಿಕೊಂಡಿರಲು ಏನಾದರೂ ಇರಲಿ ಎಂದು ಮಂಚದ ಎದುರಿಗೆ ಒಂದು ದೊಡ್ಡ ಗಾಜಿನ ತೊಟ್ಟಿ ತಂದು ಕೂರಿಸಿದ. ಅದರೊಳಗೆ ಒಂಬತ್ತು ಮೀನು. ಆಫ್ರಿಕಾದ ಸಿಕ್ಲಿಡ್ ಅಂತೆ. ಅಲ್ಲಿ ಸಮುದ್ರದಂಥ ಒಂದು ಕೆರೆಯಿದೆಯಂತೆ. ಅದರ ತಳದ ಬಂಡೆಗಳ ಸಂದಿಯಲ್ಲಿ ಇವು ಒಂದೊಂದು ಮನೆ ಮಾಡಿಕೊಂಡು ಬಾಳುತ್ತವಂತೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಅವಕ್ಕೆ ತವರಿನ ನೀರಿನ ಹಾಗೇ ಹಿಡಿಸಿತು. ಹೊರಡುವಾಗ ಆ ಶಿಷ್ಯ, "ಸಾರ್, ಇವಕ್ಕೆ ಸಿಟ್ಟು ಮೂಗಿನ ತುದಿಯಲ್ಲೇ. ಕಲ್ಲು ಇಡುವಾಗ ಸ್ವಲ್ಪ ನೋಡಿ ಇಡಿ," ಎಂದ.

"ನನಗೇ ಹೇಳಿಕೊಡ್ತೀಯೇನೋ," ಎಂದರು ಮೇಷ್ಟ್ರು. ಅವನನ್ನು ಕಳಿಸಿ ತಾವೇ ಕಲ್ಲು ಜೋಡಿಸಿದರು.

ಹೇಗೆ ಜೋಡಿಸಿದರು ಗೊತ್ತೇ? ಅವರಿಗೆ ಬರುತ್ತಿದ್ದದ್ದು ಒಂದೇ ಜೋಡಣೆ. ಕ್ರೀಡಾಕೂಟದ ಕೊನೆಗೆ ಬಹುಮಾನ ಕೊಡಲು ಮೂರು ಮೆಟ್ಟಿಲಿನ ಪೀಠ ಇಡುತ್ತಾರಲ್ಲ, ನಡುವೆ ಎತ್ತರ, ಎಡಕ್ಕೂ ಬಲಕ್ಕೂ ತಗ್ಗು, ಹಾಗೆ. ತೊಟ್ಟಿಯ ನಟ್ಟನಡುವೆ ಚಪ್ಪಡಿ ಮೇಲೆ ಚಪ್ಪಡಿ ಇಟ್ಟು ನೀಟಾಗಿ ಒಂದು ವಿಕ್ಟರಿ ಸ್ಟ್ಯಾಂಡ್ ಕಟ್ಟಿದರು. ಅದರ ಅಡಿಯಲ್ಲಿ ಒಂದೇ ಒಂದು ಗವಿ. ಉಳಿದ ನೆಲವೆಲ್ಲ ಆಟದ ಮೈದಾನದ ಹಾಗೆ ಬೋಳು. ದೂರ ನಿಂತು ನೋಡಿ, ಭೇಷ್ ಎಂದು ತಮಗೆ ತಾವೇ ಹೇಳಿಕೊಂಡರು.

ಮೇಷ್ಟ್ರು ಮೀನುಗಳಿಗೆ ನಂಬರು ಕೊಟ್ಟರು. ಹೆಂಡತಿ ಹೆಸರಿಟ್ಟರು. ಮಿಂಚುವ ನೀಲಿಯವನು ನೀಲಪ್ಪ. ಹಳದಿಯವನು ಅರಿಶಿನಪ್ಪ. ಬಣ್ಣವೇ ಇಲ್ಲದೆ ಬೂದಿಯಲ್ಲಿ ಹೊರಳಿ ಎದ್ದವನ ಹಾಗಿದ್ದವನು ಬೂದಪ್ಪ. ಇವನು ಮಹಾ ಸಾಧು. ಕಾಳು ಹಾಕಿದರೆ ಎಲ್ಲರೂ ತಿಂದು ಮಿಕ್ಕದ್ದಕ್ಕೆ ಬರುತ್ತಿದ್ದ. ಮೇಷ್ಟ್ರಿಗೆ ಇವನ ಮೇಲೆ ಅಕ್ಕರೆ. ಪಾಪದವನು, ಶಿಸ್ತಿನವನು ಎನ್ನುತ್ತಿದ್ದರು.

ಬಿಸಿಲು ಕಿಟಕಿಯಿಂದ ಇಳಿದು, ತೊಟ್ಟಿಯ ನೀರನ್ನು ಹಾದು, ಮಂಚದ ಹಿಂದಿನ ಗೋಡೆಯ ಮೇಲೆ ಅಲೆಅಲೆಯಾಗಿ ಆಡುತ್ತಿತ್ತು. ಗಾಳಿ ಪಂಪು ಗುಳುಗುಳು ಎನ್ನುತ್ತಿತ್ತು. ಮಲಗಿದಾಕೆಗೆ ಕಣ್ಣು ಎಳೆಯುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದ ಆ ಹೊತ್ತಿನಲ್ಲಿ ತಾನೂ ನೀರೊಳಗೇ ಮಲಗಿದ್ದೇನೆ, ಮೀನುಗಳು ತನ್ನ ಹಾಸಿಗೆಯ ಸುತ್ತ ಸುಳಿದಾಡುತ್ತಿವೆ ಅನ್ನಿಸುತ್ತಿತ್ತು. ನೀರೊಳಗೆ ಬೀಳುವ ಭಯವಿಲ್ಲ. ಆಕೆಗೆ ಅದು ಹಿತವಾಗಿತ್ತು.

ಎಂಟು ದಿನ ಕಳೆಯಿತು. ನೀಲಪ್ಪ ಕಲ್ಲಿನ ಪೀಠ ಏರಿದ. ಏರಿದವನು ಇಳಿಯಲಿಲ್ಲ. ಹತ್ತಿರ ಬಂದವರ ಬಾಲ ಕಚ್ಚಿದ, ದೂರ ಹೋದವರನ್ನು ಅಟ್ಟಿಸಿಕೊಂಡು ಹೋಗಿ ಕಚ್ಚಿದ. ಮೇಷ್ಟ್ರು ಬೆಳಿಗ್ಗೆ ಕಾಳು ಹಾಕುವಾಗ ಒಮ್ಮೆ, ಸಂಜೆ ಹಾಕುವಾಗ ಒಮ್ಮೆ ನೋಡಿದರು. ಎರಡು ಸಲವೂ ನೀಲಪ್ಪನೇ ಸಿಕ್ಕಿಬಿದ್ದ. ಸೀಟಿ ಊದಿದರು. ಬಲೆ ಹಾಕಿ ಹಿಡಿದು ಹಿತ್ತಲಿನ ಸಿಮೆಂಟು ತೊಟ್ಟಿಗೆ ಬಿಟ್ಟರು. ಹೊರಗೆ!

ಮೂರು ದಿನ ಶಾಂತಿ. ನಾಲ್ಕನೆಯ ದಿನ ಅರಿಶಿನಪ್ಪ ಪೀಠ ಏರಿದ. ಅದುವರೆಗೆ ತನ್ನ ಪಾಡಿಗೆ ತಾನಿದ್ದವನು ಒಮ್ಮೆಲೇ ಬಾಲ ಬಿಚ್ಚಿದ. ನೀಲಪ್ಪನಾದರೂ ಕಚ್ಚಿ ಬಿಡುತ್ತಿದ್ದ, ಇವನು ಕಚ್ಚಿ ಎಳೆದಾಡಿದ. ಎರಡು ಮೀನಿನ ರೆಕ್ಕೆ ಹರಿದು ಜೂಲಾಯಿತು. ಮೇಷ್ಟ್ರು ಸೀಟಿ ಊದಿದರು. ಅರಿಶಿನಪ್ಪನೂ ಹೊರಗೆ.

ಆ ಹೊತ್ತಿಗೆ ತೊಟ್ಟಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಒಂದು ಪುಟ್ಟ ಹೆಣ್ಣು ಮೀನು ಕಾಳು ತಿನ್ನುವುದನ್ನು ಬಿಟ್ಟಿತ್ತು. ಗದ್ದ ಊದಿತ್ತು. ಬಾಯಿಗೆ ಬೀಗ ಹಾಕಿದ ಹಾಗೆ ಮೂಲೆಯಲ್ಲಿ ನಿಂತಿತ್ತು. ಮೇಷ್ಟ್ರು ಶಿಷ್ಯನಿಗೆ ಫೋನು ಮಾಡಿ ಕೇಳಿದರು. ಅದು ಕಾಯಿಲೆಯಲ್ಲ ಸಾರ್, ಬಸುರು, ಎಂದ ಅವನು. ಈ ಜಾತಿಯ ತಾಯಿ ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ. ಮೂರು ವಾರ, ಹೆಚ್ಚೆಂದರೆ ನಾಲ್ಕು. ಅಷ್ಟು ದಿನವೂ ಉಪವಾಸ. ಯಾರಾದರೂ ಹೆದರಿಸಿದರೆ ಉಗುಳಿಬಿಡುತ್ತದೆ, ಇಲ್ಲವೇ ನುಂಗಿಬಿಡುತ್ತದೆ.

ಹೆಂಡತಿ ಅದಕ್ಕೆ ಮೌನಮ್ಮ ಎಂದು ಹೆಸರಿಟ್ಟರು. ದಿನವಿಡೀ ಅದನ್ನೇ ನೋಡಿದರು. ಒಂದು ಸಂಜೆ, ತಿಂಗಳುಗಟ್ಟಲೆ ಏಳುವ ಮಾತನ್ನೇ ಎತ್ತದಿದ್ದ ಆ ಹೆಂಗಸು ಬಾಯಿಬಿಟ್ಟರು.

"ರೀ, ಅವಳು ಬಾಯಿ ತೆರೆದ ದಿನ ನಾನೂ ಎದ್ದು ನಿಲ್ತೀನಿ."

ಮೇಷ್ಟ್ರು "ಹ್ಞೂಂ ಕಣೇ" ಎಂದಷ್ಟೇ ಅಂದು ಹಿತ್ತಲಿಗೆ ಹೋದರು. ಅಲ್ಲಿ ನಿಂತು ಗಳಗಳನೆ ಅತ್ತರು. ಬಂದು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕತೊಡಗಿದರು. ಒಂದು ಗೀಟು ಮೀನಿಗೆ, ಅದೇ ಗೀಟು ಹೆಂಡತಿಗೆ.

ಹದಿನೈದು ಗೀಟು ಬಿದ್ದವು. ಹದಿನಾರನೆಯ ಬೆಳಿಗ್ಗೆ ಕಾಳಿನ ಡಬ್ಬ ಹಿಡಿದು ಬಂದ ಮೇಷ್ಟ್ರು ನಿಂತಲ್ಲೇ ನಿಂತರು. ತೊಟ್ಟಿಯ ನಡುವೆ, ಕಲ್ಲಿನ ಪೀಠದ ಮೇಲೆ ನೀಲಪ್ಪ ನಿಂತಿದ್ದ! ಅದೇ ಮಿಂಚುವ ನೀಲಿ. ಮೈಮೇಲೆ ಕಪ್ಪು ಪಟ್ಟೆ. ಹಿತ್ತಲಿನಿಂದ ಇವನು ಒಳಗೆ ಹೇಗೆ ಬಂದ? ಮೇಷ್ಟ್ರಿಗೆ ಕನಸು ಕಾಣುತ್ತಿದ್ದೇನೆಯೇ ಅನ್ನಿಸಿತು. ಲುಂಗಿ ಎತ್ತಿ ಕಟ್ಟಿಕೊಂಡು ಹಿತ್ತಲಿಗೆ ಓಡಿದರು. ಸಿಮೆಂಟು ತೊಟ್ಟಿಗೆ ಬಗ್ಗಿ ನೋಡಿದರು. ಹೊಳೆಯುವ ನೀಲಿ ಅಲ್ಲಿ ಇರಲಿಲ್ಲ. ತಳದಲ್ಲಿ ಒಂದು ಬೂದಿ ಬಣ್ಣದ ಮೀನು ರೆಕ್ಕೆ ಮಡಿಸಿಕೊಂಡು ತೆಪ್ಪಗೆ ಇತ್ತು. ಅದರ ಬಾಲದ ಮೇಲೆ ನೀಲಪ್ಪನಿಗಿದ್ದ ಕಿತ್ತಳೆ ಚುಕ್ಕೆ. ಪಕ್ಕದಲ್ಲೇ ಅರಿಶಿನಪ್ಪ, ಮಾಸಿದ ಬಟ್ಟೆಯ ಹಾಗೆ ಪೇಲವವಾಗಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿಯೂ ನೋಡುತ್ತಿರಲಿಲ್ಲ.

ಮೇಷ್ಟ್ರು ನಿಧಾನವಾಗಿ ನಡುಮನೆಗೆ ಬಂದರು. ಒಳಗಿನ ಮೀನನ್ನು ಎಣಿಸಿದರು. ಎಲ್ಲರೂ ಇದ್ದರು, ಬೂದಪ್ಪನೊಬ್ಬ ಇರಲಿಲ್ಲ. ಆಗ ಅವರಿಗೆ ಹೊಳೆಯಿತು. ಪೀಠದ ಮೇಲೆ ನೀಲಿಯಾಗಿ ನಿಂತಿದ್ದವನೇ ಬೂದಪ್ಪ.

ಅಯ್ಯೋ ಶಿವನೇ! ಆ ಸಾಧು ಮೀನು ನೀಲಪ್ಪನನ್ನೂ ಅರಿಶಿನಪ್ಪನನ್ನೂ ಮೀರಿಸಿದ್ದ. ಮೌನಮ್ಮನನ್ನು ನೀರು ಬೆಚ್ಚಗಿಡುವ ಹೀಟರಿನ ಹಿಂದಿನ ಮೂಲೆಗೆ ಅಟ್ಟಿದ್ದ. ಅವಳ ಬಾಲ ಅರ್ಧ ಇರಲಿಲ್ಲ. ನೀರಿನ ಮೇಲ್ಮೈಗೆ ಮೂತಿ ಹಚ್ಚಿಕೊಂಡು, ಬಾಯಿ ಮಾತ್ರ ಬಿಡದೆ, ನಡುಗುತ್ತ ನಿಂತಿದ್ದಳು.

ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ನಂಬಿದವನೇ ಹೀಗೆ ಮಾಡಿದ ಸಿಟ್ಟು ಬೇರೆ ರೀತಿಯದು, ನಿನಗೆ ಗೊತ್ತಲ್ಲ ಮರುಳಯ್ಯ. ಸೀಟಿಯನ್ನು ಕಚ್ಚಿ ಹಿಡಿದರು, ಊದಲು ಉಸಿರು ಬರಲಿಲ್ಲ. ಬಲೆ ಎತ್ತಿದರು.

"ಅವನನ್ನೂ ತೆಗೀತೀರಾ?" ಎಂದರು ಮಂಚದ ಮೇಲಿನ ಹೆಂಡತಿ.

"ಮತ್ತೆ? ಇವನೇ ಕಣೇ ಕಳ್ಳ. ಇಷ್ಟು ದಿನ ನಾಟಕ ಆಡಿದ್ದಾನೆ."

"ಅವನು ನಾಟಕ ಆಡಿಲ್ಲ. ಆಗಲೂ ಅವನು ಅವನೇ, ಈಗಲೂ ಅವನೇ. ಮೂವರಿಗೂ ಆ ಕಲ್ಲು ಹತ್ತಿದ ಮೇಲೇ ಹಾಗಾದದ್ದು. ನಾಳೆ ಇನ್ನೊಬ್ಬ ಹತ್ತುತ್ತಾನೆ, ಅವನಿಗೂ ಹಾಗೇ ಆಗುತ್ತೆ. ಮೊದಲು ಒಂಬತ್ತು ಜನ ಹಂಚಿಕೊಂಡು ಏಟು ತಿಂತಿದ್ದರು. ನೀವು ಒಬ್ಬೊಬ್ಬರನ್ನೇ ತೆಗೆದ ಹಾಗೆಲ್ಲ ಉಳಿದವರ ಪಾಲು ಜಾಸ್ತಿ ಆಯ್ತು. ಈಗ ಎಲ್ಲಾ ಅವಳೊಬ್ಬಳ ಮೈಮೇಲೆ."

ಮೇಷ್ಟ್ರು ಬಲೆ ಹಿಡಿದ ಕೈಯನ್ನು ಇಳಿಸಿದರು. "ಇಷ್ಟು ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ. ತೀರ್ಪುಗಾರರು ನೋಡೋಕೆ ಬಂದವರನ್ನ ಕೇಳ್ತಾರಾ?"

ಮೇಷ್ಟ್ರು ತುಂಬ ಹೊತ್ತು ತೊಟ್ಟಿಯ ಮುಂದೆ ನಿಂತರು. ಅವರು ನೋಡುತ್ತಿದ್ದದ್ದು ಮೀನನ್ನಲ್ಲ. ತಾವೇ ಕಟ್ಟಿ ಭೇಷ್ ಎಂದುಕೊಂಡ ಕಲ್ಲಿನ ಪೀಠವನ್ನು. ನಡುವೆ ಎತ್ತರ, ಎಡಕ್ಕೂ ಬಲಕ್ಕೂ ತಗ್ಗು. ಮೊದಲನೆಯವನಿಗೆ ಮನೆ, ಉಳಿದವರಿಗೆ ಬಯಲು. ಅವರಿಗೆ ನಾಚಿಕೆಯಾಯಿತು. ಕೊರಳಿನ ಸೀಟಿ ತೆಗೆದು ಮಂಚದ ಕಂಬಕ್ಕೆ ನೇತುಹಾಕಿದರು. ತೋಳು ಮಡಿಸಿ ನೀರಿಗೆ ಕೈ ಇಳಿಸಿದರು.

ಪೀಠದ ಒಂದೊಂದೇ ಕಲ್ಲು ಕಳಚಿತು. ಹಿತ್ತಲಿನಿಂದ ಒಡೆದ ಹೂಕುಂಡ, ಹೆಂಚಿನ ಚೂರು, ಹಳೆಯ ಒರಳಿನ ತುಂಡು ಎಲ್ಲವೂ ತೊಳೆದು ಬಂದವು. ಹೆಂಡತಿ ಮಂಚದಿಂದಲೇ ಹೇಳುತ್ತ ಹೋದರು. ಅದು ಅತ್ತ, ಇದು ಇತ್ತ, ಅಲ್ಲೊಂದು ಸಂದಿ ಬಿಡಿ, ಈ ಬಾಗಿಲಿಂದ ನೋಡಿದರೆ ಆ ಬಾಗಿಲು ಕಾಣಬಾರದು. ಮೇಷ್ಟ್ರು ಮಾಡುತ್ತ ಹೋದರು. ಜನ್ಮದಲ್ಲಿ ಮೊದಲ ಸಲ ಅವರು ಇನ್ನೊಬ್ಬರ ಹೇಳಿಕೆಗೆ ಕೈಕಾಲು ಆಡಿಸಿದರು ನೋಡು. ಕೊನೆಗೆ ತೊಟ್ಟಿಗೆ ನಡು ಎಂಬುದೇ ಇರಲಿಲ್ಲ. ಎಲ್ಲಿ ನೋಡಿದರೂ ಒಂದು ಗೂಡು.

ಆಮೇಲೆ ಹಿತ್ತಲಿನಿಂದ ನೀಲಪ್ಪನನ್ನೂ ಅರಿಶಿನಪ್ಪನನ್ನೂ ತಂದು ಅದೇ ಗಳಿಗೆಯಲ್ಲಿ ಒಳಗೆ ಬಿಟ್ಟರು. ದೀಪ ಆರಿಸಿದರು. ಕಿಟಕಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟರು.

ಸೀರೆಯ ಹಸಿರು ಬೆಳಕಿನಲ್ಲಿ ಒಂಬತ್ತು ಮೀನುಗಳು ಸುಮ್ಮನೆ ಸುತ್ತುತ್ತಿದ್ದವು. ಯಾರಿಗೂ ತಮ್ಮ ಮನೆ ಯಾವುದು ತಿಳಿಯದು. ಯಾರೂ ಯಾರಿಗಿಂತ ಮೊದಲು ಬಂದವರಲ್ಲ. ಬೂದಪ್ಪ ಪೀಠವಿದ್ದ ಜಾಗಕ್ಕೆ ಬಂದ, ನಿಂತ, ಸುತ್ತ ನೋಡಿದ. ಕಾಯಲು ಅಲ್ಲಿ ಏನೂ ಇರಲಿಲ್ಲ. ನೀಲಪ್ಪ ಅವನ ಪಕ್ಕದಲ್ಲೇ ಹಾದು ಹೋದ. ಗಂಡಹೆಂಡಿರಿಬ್ಬರೂ ನೋಡಿದರು. ನೋಡುತ್ತ ನೋಡುತ್ತ ಮೇಷ್ಟ್ರಿಗೂ ಕಣ್ಣು ಎಳೆಯಿತು. ತಾವೂ ಆ ನೀರಲ್ಲಿ, ನಂಬರಿಲ್ಲದ ಒಂದು ಮೀನಾಗಿ, ಯಾವುದೋ ಸಂದಿಯಲ್ಲಿ ತೂಕಡಿಸುತ್ತಿರುವ ಹಾಗೆ ಅನ್ನಿಸಿತು. ಮಂಚದ ಕಾಲಿಗೆ ಒರಗಿ ಹಾಗೇ ನಿದ್ದೆಹೋದರು.

ಆಮೇಲೆ ಜಗಳವೇ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೀನುಗಳಲ್ಲವೇ, ಅಟ್ಟಾಡಿದವು. ಆದರೆ ಓಡಿದವನಿಗೆ ಹೊಗಲು ಒಂದು ಸಂದಿ ಸಿಗುತ್ತಿತ್ತು. ಮರೆಯಾದವನನ್ನು ಅಟ್ಟಿದವನು ಮರೆಯುತ್ತಿದ್ದ. ರೆಕ್ಕೆ ಹರಿಯಲಿಲ್ಲ. ಬೂದಪ್ಪ ಪೂರ್ತಿ ಬೂದಿಯೂ ಆಗಲಿಲ್ಲ, ಪೂರ್ತಿ ನೀಲಿಯೂ ಉಳಿಯಲಿಲ್ಲ. ಮೌನಮ್ಮ ಒಡೆದ ಹೂಕುಂಡದ ಹಿಂದೆ ಸೇರಿಕೊಂಡಳು.

ಇಪ್ಪತ್ತಾರನೆಯ ಗೀಟಿನ ದಿನ ಮಧ್ಯಾಹ್ನ, ಹೂಕುಂಡದ ನೆರಳಿನಲ್ಲಿ ಅವಳು ಬಾಯಿ ತೆರೆದಳು. ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಿಗಳು ಒಂದರ ಹಿಂದೆ ಒಂದು ಹೊರಬಂದು ಹೆಂಚಿನ ಸಂದಿಗಳಲ್ಲಿ ಹರಡಿಕೊಂಡವು. ಮಂಚದ ಮೇಲಿನಿಂದ ಅವು ಸರಿಯಾಗಿ ಕಾಣುತ್ತಿರಲಿಲ್ಲ. ಮೇಷ್ಟ್ರು ಹೆಗಲು ಕೊಟ್ಟು ಬಗ್ಗಿ ನಿಂತರು. ಆ ಹೆಂಗಸು ಎಡಗಾಲು ಇಳಿಸಿದರು, ಬಲಗಾಲು ಇಳಿಸಿದರು, ಗಂಡನ ಹೆಗಲು ಹಿಡಿದು ಎದ್ದರು. ಮೂರು ಹೆಜ್ಜೆ ನಡೆದು ಗಾಜಿಗೆ ಹಣೆ ಹಚ್ಚಿ ನಿಂತು, ಮರಿಗಳನ್ನು ಎಣಿಸತೊಡಗಿದರು.

*

ಗುರುಗಳು ಕತೆ ನಿಲ್ಲಿಸಿದರು. ಬೆರಳು ಮಾತ್ರ ತಂತಿಯ ಮೇಲೆ ಆಡುತ್ತಲೇ ಇತ್ತು.

ಮರುಳಯ್ಯ ಅರೆಗಣ್ಣು ಮುಚ್ಚಿ ಕೂತಿದ್ದವನು ಎಚ್ಚೆತ್ತ. ಅವನ ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿದ್ದ ಕಾಗದವನ್ನು ನೋಡಿದ. ಅದನ್ನು ನಿಧಾನವಾಗಿ ನಾಲ್ಕು ಚೂರು ಮಾಡಿದ. ಮನಸ್ಸು ಹಗುರಾಯಿತು. ತಾನು ದೊಡ್ಡವನಾಗಿ ನಡೆದುಕೊಂಡೆ ಎಂದು ಒಳಗೇ ಸ್ವಲ್ಪ ಸಂತೋಷವೂ ಆಯಿತು.

"ಅರ್ಥವಾಯಿತು ಗುರುಗಳೇ," ಎಂದ. "ಬಸವಂತ ಇಲ್ಲೇ ಇರಲಿ. ಹೋದ ಇಬ್ಬರಿಗೂ ಬರಹೇಳಿ ಕಾಗದ ಬರೆಯುತ್ತೇನೆ. ನಾಳೆಯಿಂದಲೇ ಎಲ್ಲರ ಜಾಗ ಬದಲಿಸುತ್ತೇನೆ. ಬಸವಂತ ಬಾಗಿಲ ಬಳಿ ಕೂರಲಿ, ಉಳಿದವರನ್ನು ಗೋಡೆಗುಂಟ ಬೇರೆಬೇರೆ ಕಡೆ ಕೂರಿಸುತ್ತೇನೆ."

ಗುರುಗಳು ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟರು. ನಾದ ನಿಂತಿತು.

"ಬಾಗಿಲ ಬಳಿ ನಾಳೆ ನಾನೇ ಕೂರುತ್ತೇನೆ ಮರುಳಯ್ಯ, ನೀನು ಎಲ್ಲಿ ಕೂರುತ್ತೀ?"

ಮರುಳಯ್ಯ ಗುರುಗಳ ಬಲಗಡೆಯ ತನ್ನ ಜಾಗದತ್ತ ನೋಡಿದ.